ಪಂಕ್ತಿಭೇದ ಮತ್ತು ಪಾಠಶಾಲೆ: ಪುಣೆಯ ಸಾರ್ವಜನಿಕ ಶಿಕ್ಷಣದಲ್ಲಿ ಸಮಾನತೆಯ ಪ್ರಶ್ನೆ

ಕನ್ನಡ ನಾಡಿನಲ್ಲಿ ಕಲಿಕೆಯ ತಾಣಗಳಿಗೆ ಹೆಸರುಗಳ ಕೊರತೆಯಿಲ್ಲ. ಶಾಸನಗಳಲ್ಲಿ ಘಟಿಕಾಸ್ಥಾನ, ಅಗ್ರಹಾರ, ಬ್ರಹ್ಮಪುರಿ, ಮಠಗಳ ಉಲ್ಲೇಖಗಳು ಹೇರಳವಾಗಿ ದೊರೆಯುತ್ತವೆ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಹಳೆಯ ಮೈಸೂರಿನಲ್ಲಿ ಕೂಲಿಮಠಗಳಿದ್ದವು. ಮುಂಬಯಿ ಕರ್ನಾಟಕದಲ್ಲಿ ಗಾಂವಠೀ ಶಾಲೆಗಳಿದ್ದವು. ಆದರೆ ಇವುಗಳಲ್ಲಿ ಯಾವುದೂ ಊರಿನ ಎಲ್ಲ ಮಕ್ಕಳಿಗೆ ಸೇರಿದ್ದಾಗಿರಲಿಲ್ಲ, ಹಾಗೆಂದು ಹೇಳಿಕೊಂಡದ್ದೂ ಇಲ್ಲ. ಊರಿನ ಎಲ್ಲರ ತೆರಿಗೆಯಿಂದ ನಡೆಯುವ, ಆದ್ದರಿಂದ ಎಲ್ಲರ ಮಕ್ಕಳೂ ಹಕ್ಕಿನಿಂದ ಒಳಹೊಗಬಹುದಾದ ಸಾರ್ವಜನಿಕ ಶಾಲೆ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದ್ದು ಕಳೆದ ನೂರೆಪ್ಪತ್ತೈದು ವರ್ಷಗಳಿಂದೀಚೆಗೆ. ಆ ಕಲ್ಪನೆ ಹುಟ್ಟಿದ ಗಳಿಗೆಯಲ್ಲಿಯೇ ಅದಕ್ಕೆ ಎದುರಾದ ತೊಡಕನ್ನು ಹೆಸರಿಸಲು ಕನ್ನಡದಲ್ಲಿ ಹಳೆಯದೊಂದು ಮಾತಿದೆ: ಪಂಕ್ತಿಭೇದ. ಊಟಕ್ಕೆ ಕರೆಯದಿರುವುದು ಒಂದು ಬಗೆಯ ಅವಮಾನ. ಕರೆದು, ಎಲೆ ಹಾಕಿ, ಬೇರೆ ಸಾಲಿನಲ್ಲಿ ಕೂರಿಸುವುದು ಇನ್ನೊಂದು ಬಗೆಯದು. ಶಾಲೆಯ ಚರಿತ್ರೆಯಲ್ಲಿ ಈ ಎರಡೂ ಉಂಟು. ಮೊದಲನೆಯದನ್ನು ಕಾನೂನು ನಿವಾರಿಸಬಲ್ಲದು. ಎರಡನೆಯದು ಹೆಚ್ಚು ಕಾಲ ಬದುಕುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಪುಣೆಯನ್ನು ಆರಿಸಿಕೊಳ್ಳುವುದಕ್ಕೆ ಕಾರಣಗಳಿವೆ. ಪೇಶವೆಗಳ ರಾಜಧಾನಿಯಾಗಿದ್ದ ಈ ನಗರದಲ್ಲಿಯೇ ಸ್ತ್ರೀಯರಿಗೂ ಅಸ್ಪೃಶ್ಯರಿಗೂ ಶಾಲೆಗಳನ್ನು ತೆರೆಯುವ ಸ್ವದೇಶೀಯ ಪ್ರಯತ್ನ ಮೊದಲಾಯಿತು. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ಕೇಂದ್ರ ಕಚೇರಿ ಮುಂದೆ ನೆಲೆಗೊಂಡದ್ದು ಇಲ್ಲಿಯೇ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕನ್ನಡ ಶಾಲೆಗಳ ಹಣೆಬರಹವನ್ನು ಬಹುಕಾಲ ಬರೆದದ್ದು ಇಲ್ಲಿಂದ ಹೊರಟ ಆಜ್ಞೆಗಳು ಎಂಬುದನ್ನು ಕನ್ನಡದ ಅಭ್ಯಾಸಿಗಳು ಮರೆಯುವಂತಿಲ್ಲ.

1

ಜೋತಿರಾವ ಫುಲೆ (1827-1890) ಮತ್ತು ಸಾವಿತ್ರಿಬಾಯಿ ಫುಲೆ (1831-1897) ದಂಪತಿಗಳು 1848ರಲ್ಲಿ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಮರುವರ್ಷ ಅವರು ಮನೆ ಬಿಡಬೇಕಾಯಿತು. ಉಸ್ಮಾನ್ ಶೇಖರ ಮನೆ ಆಶ್ರಯ ನೀಡಿತು. 1851ರ ಜುಲೈಯಲ್ಲಿ ಚಿಪಳೂಣಕರ ವಾಡೆಯಲ್ಲಿ, ಸೆಪ್ಟೆಂಬರಿನಲ್ಲಿ ರಾಸ್ತೆ ಪೇಠೆಯಲ್ಲಿ, 1852ರ ಮಾರ್ಚಿನಲ್ಲಿ ವೇತಾಳ ಪೇಠೆಯಲ್ಲಿ ಶಾಲೆಗಳು ನಡೆದವು. ಮಹಾರ, ಮಾಂಗ ಮೊದಲಾದವರ ಮಕ್ಕಳಿಗಾಗಿಯೇ ಬೇರೆ ಶಾಲೆಗಳೂ ಅವರ ಮೇಲ್ವಿಚಾರಣೆಯಲ್ಲಿ ಆರಂಭವಾದವು. 1852ರ ನವೆಂಬರ್ 16ರಂದು ವಿಶ್ರಾಮಬಾಗ ವಾಡೆಯಲ್ಲಿ ಮೇಜರ್ ಕ್ಯಾಂಡಿಯವರು ಸರ್ಕಾರದ ಪರವಾಗಿ ಫುಲೆಯವರನ್ನು ಸನ್ಮಾನಿಸಿದರು. ಉಸ್ಮಾನ್ ಶೇಖರ ಸೋದರಿಯೆಂದು ಹೇಳಲಾಗುವ ಫಾತಿಮಾ ಶೇಖರ ವಿಷಯದಲ್ಲಿ ಈಚೆಗೆ ವಾದವಿವಾದಗಳು ಎದ್ದಿವೆ. ಸಾವಿತ್ರಿಬಾಯಿಯವರ 1856ರ ಅಕ್ಟೋಬರ್ ತಿಂಗಳ ಪತ್ರದಲ್ಲಿ ಫಾತಿಮಾ ಎಂಬ ಹೆಸರು ಬರುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಆ ಪತ್ರದಿಂದ ಹಿಂಡಿ ತೆಗೆಯುವುದೂ ತಪ್ಪು, ಹೆಸರನ್ನೇ ಅಳಿಸಿಹಾಕುವುದೂ ತಪ್ಪು.

ಈ ಶಾಲೆಗಳಿಗೆ ದೊರೆತ ಸರ್ಕಾರಿ ಸಹಾಯಧನ ದಕ್ಷಿಣಾ ನಿಧಿಯಿಂದ ಬಂದದ್ದು ಗಮನಾರ್ಹ. ಪೇಶವೆಗಳ ಕಾಲದಲ್ಲಿ ವೇದಶಾಸ್ತ್ರ ಪಾರಂಗತರಾದ ಬ್ರಾಹ್ಮಣರಿಗೆ ಹಂಚಲಾಗುತ್ತಿದ್ದ ಹಣವದು. ಕಂಪನಿ ಸರ್ಕಾರ ಅದನ್ನು ಕ್ರಮೇಣ ಬೇರೆ ಕಾರ್ಯಗಳಿಗೆ ತಿರುಗಿಸಿತು. ಯಾರ ಹಣ, ಯಾರ ಮಕ್ಕಳು ಎಂಬ ಪ್ರಶ್ನೆ ಹೀಗೆ ಮೊದಲ ದಿನದಿಂದಲೂ ಪುಣೆಯ ಶಾಲೆಗಳ ಬೆನ್ನಿಗಿತ್ತು.

ಶಾಲೆಯಿಂದ ಏನಾಯಿತು ಎಂಬುದಕ್ಕೆ ಅಂಕಿಅಂಶಗಳಿಗಿಂತ ಬಲವಾದ ಸಾಕ್ಷಿ ಒಂದಿದೆ. ಫುಲೆಯವರ ಶಾಲೆಯಲ್ಲಿ ಮೂರು ವರ್ಷ ಕಲಿತ ಮಾಂಗ ಜಾತಿಯ ಬಾಲಕಿ ಮುಕ್ತಾ ಸಾಳವೆ ಬರೆದ ನಿಬಂಧವು 1855ರಲ್ಲಿ 'ಜ್ಞಾನೋದಯ' ಪತ್ರಿಕೆಯ ಎರಡು ಸಂಚಿಕೆಗಳಲ್ಲಿ ಪ್ರಕಟವಾಯಿತು. ಮಹಾರ-ಮಾಂಗರ ದುಃಖವೇ ಅದರ ವಸ್ತು. ವೇದ ತಮಗೆ ಮಾತ್ರ ಸೇರಿದ್ದೆಂದು ಬ್ರಾಹ್ಮಣರು ಹೇಳುವುದಾದರೆ ತಮಗೆ ಯಾವ ಧರ್ಮಗ್ರಂಥವೂ ಇಲ್ಲವೆಂದಾಯಿತು. ಹಾಗಿದ್ದರೆ ತಮ್ಮ ಧರ್ಮ ಯಾವುದೆಂದು ದೇವರೇ ತಿಳಿಸಬೇಕು ಎಂದು ಆಕೆ ಕೇಳುತ್ತಾಳೆ. ಬಾಜೀರಾಯನ ಆಳಿಕೆಯಲ್ಲಿ ತನ್ನ ಜನರು ಓದು ಕಲಿಯುವುದೇ ಅಪರಾಧವಾಗಿತ್ತೆಂಬುದನ್ನೂ ನೆನೆಯುತ್ತಾಳೆ. ಈ ಬರಹವನ್ನು ದಲಿತ ಸಾಹಿತ್ಯದ ಆದಿ ಎಂದು ಕರೆಯುವ ರೂಢಿಯಿದೆ. ಅದು ಸರಿಯೇ ಇರಬಹುದು. ಆದರೆ ಅದು ಮೊದಲಿಗೆ ಒಂದು ಶಾಲಾ ನಿಬಂಧ. ಅಕ್ಷರ ಕಲಿತ ಮೂರೇ ವರ್ಷಗಳಲ್ಲಿ ಒಂದು ಮಗು, ಗ್ರಂಥ ಮತ್ತು ಅಧಿಕಾರಗಳ ಸಂಬಂಧವನ್ನು ತರ್ಕಬದ್ಧವಾಗಿ ಪ್ರಶ್ನಿಸಬಲ್ಲುದಾದರೆ ಆ ಶಾಲೆಯ ಬೋಧನೆಯ ಮಟ್ಟ ಎಂಥದಿದ್ದೀತು ಎಂದು ಶಿಕ್ಷಣದ ಇತಿಹಾಸಕಾರರು ಕೇಳಿಕೊಂಡದ್ದು ಕಡಿಮೆ.

2

ಮುಕ್ತಾ ಸಾಳವೆಯ ನಿಬಂಧ ಪ್ರಕಟವಾದ ಮರುವರ್ಷವೇ, ಅದೇ ಮುಂಬಯಿ ಪ್ರಾಂತದಲ್ಲಿ, ಕನ್ನಡ ನೆಲದಲ್ಲಿ ನಡೆದ ಘಟನೆಯೊಂದು ಇದರೊಡನೆ ಇಟ್ಟು ನೋಡತಕ್ಕದ್ದು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಮಹಾರ ಹುಡುಗ ಸರ್ಕಾರಿ ಶಾಲೆಯಲ್ಲಿ ತನಗೆ ಪ್ರವೇಶ ನಿರಾಕರಿಸಲಾಗಿದೆಯೆಂದು ಸರ್ಕಾರಕ್ಕೆ ಅರ್ಜಿ ಸಲ್ಲಿಸಿದನು. ಜುಲೈ 21ರಂದು ಮುಂಬಯಿ ಸರ್ಕಾರ ನಿರ್ಣಯ ಹೊರಡಿಸಿತು. ತಾತ್ತ್ವಿಕವಾಗಿ ನ್ಯಾಯ ಹುಡುಗನ ಕಡೆಗಿದೆಯೆಂದು ಒಪ್ಪಿಕೊಂಡೇ, ಒಬ್ಬನಿಗಾಗಿ ಶತಮಾನಗಳ ಪೂರ್ವಗ್ರಹವನ್ನು ಒಮ್ಮೆಗೇ ಕೆದಕಿದರೆ ಶಿಕ್ಷಣಕಾರ್ಯಕ್ಕೇ ಧಕ್ಕೆಯಾದೀತೆಂದು ಅರ್ಜಿಯನ್ನು ತಳ್ಳಿಹಾಕಿತು. ಹೀಗೆ ಪ್ರವೇಶ ಬೇಡಿ ಬಂದ ಮಹಾರ ಇವನೊಬ್ಬನೇ ಎಂಬುದೂ ಒಂದು ಕಾರಣವಾಗಿ ದಾಖಲಾಯಿತು. ಬಾಗಿಲು ತಟ್ಟಿದವನು ಒಬ್ಬನೇ ಆದ್ದರಿಂದ ಬಾಗಿಲು ತೆರೆಯಬೇಕಾಗಿಲ್ಲ ಎಂಬ ಈ ವಾದ ಇಂದಿಗೂ ಕಚೇರಿಗಳಲ್ಲಿ ಬೇರೆ ಬೇರೆ ವೇಷದಲ್ಲಿ ಕೇಳಿಬರುತ್ತದೆ.

ವಿಷಯ ಕಲ್ಕತ್ತೆಗೆ ಹೋಯಿತು. 1857ರ ಜನವರಿಯಲ್ಲಿ ಭಾರತ ಸರ್ಕಾರವು, ಬಂಗಾಳ ಪ್ರಾಂತದ ಯಾವ ಸರ್ಕಾರಿ ಶಾಲೆಯಲ್ಲಿಯೂ ಆ ಹುಡುಗನಿಗೆ ಪ್ರವೇಶ ನಿರಾಕರಿಸಲಾಗುತ್ತಿರಲಿಲ್ಲವೆಂದು ತಿಳಿಸಿತು. ಲಂಡನ್ನಿನ ಡೈರೆಕ್ಟರರ ಸಭೆ 1858ರ ಏಪ್ರಿಲಿನಲ್ಲಿ ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕೆಂಬ ತತ್ತ್ವವನ್ನು ಸ್ಪಷ್ಟಪಡಿಸಿತು. ಅದರಂತೆ, ಪೂರ್ತಿಯಾಗಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳಲ್ಲಿ ಭೇದ ಕೂಡದೆಂದು ಮುಂಬಯಿ ಸರ್ಕಾರ ಸಾರಿತು. ಆದರೆ ಊರವರ ವಂತಿಗೆ ಸೇರಿದ ಶಾಲೆಗಳ ಮಾತು ಬೇರೆಯಾಯಿತು. ಹಣ ಕೊಟ್ಟವರು ಒಪ್ಪದಿದ್ದರೆ ಒತ್ತಾಯವಿಲ್ಲ. ಹಳ್ಳಿಗಾಡಿನ ಶಾಲೆಗಳಲ್ಲಿ ವಂತಿಗೆ ಇಲ್ಲದ್ದೆಷ್ಟು? ತತ್ತ್ವ ಗೆದ್ದಿತು, ಪಾಠಶಾಲೆಯ ಜಗಲಿ ಇದ್ದಲ್ಲೇ ಉಳಿಯಿತು. ಏಳು ದಶಕಗಳ ತರುವಾಯ, 1928ರಲ್ಲಿ, ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ ಡಾ. ಬಿ. ಆರ್. ಅಂಬೇಡ್ಕರರು ಧಾರವಾಡದ ಈ ಪ್ರಕರಣವನ್ನು ವಿಸ್ತಾರವಾಗಿ ಚರ್ಚಿಸಿದರು. ಭಾರತದ ಶಿಕ್ಷಣ ಚರಿತ್ರೆಯಲ್ಲಿ ಧಾರವಾಡಕ್ಕೆ ದೊರೆತಿರುವ ಸ್ಥಾನಗಳಲ್ಲಿ ಇದೂ ಒಂದು. ಕನ್ನಡ ಶಾಲೆಗಳ ಅಭಿವೃದ್ಧಿಯ ಬಗೆಗೆ, ರಸೆಲ್ ಮತ್ತು ಡೆಪ್ಯುಟಿ ಚನ್ನಬಸಪ್ಪನವರ ಸಾಹಸದ ಬಗೆಗೆ ಬರೆಯುವ ನಮ್ಮ ಗ್ರಂಥಗಳು ಈ ಅನಾಮಧೇಯ ಹುಡುಗನಿಗೆ ಒಂದು ಪರಿಚ್ಛೇದವನ್ನಾದರೂ ಕೊಡಬೇಕಾಗಿತ್ತು.

ಪುಣೆಯಲ್ಲಿ ಸಾಧ್ಯವಾದದ್ದು ಧಾರವಾಡದಲ್ಲಿ ಏಕೆ ಆಗಲಿಲ್ಲ? ಪುಣೆಯಲ್ಲಿ ಪೂರ್ವಗ್ರಹ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಅಲ್ಲಿ ಶಾಲೆಯನ್ನು ಕಟ್ಟಿದವರೇ ಬೇರೆ ಜನ. ಅವರು ಹಳೆಯ ಪಂಕ್ತಿಯಲ್ಲಿ ಜಾಗ ಬೇಡದೆ ಹೊಸ ಪಂಕ್ತಿಯನ್ನೇ ಹಾಕಿದರು. ಧಾರವಾಡದ ಹುಡುಗ ಬೇಡಿದ್ದು ಇದ್ದ ಪಂಕ್ತಿಯಲ್ಲಿಯೇ ಒಂದು ಜಾಗವನ್ನು. ಎರಡನೆಯ ಬೇಡಿಕೆಯೇ ಹೆಚ್ಚು ಕಠಿನವಾದದ್ದು ಎಂಬುದು ಮುಂದಿನ ಚರಿತ್ರೆಯಿಂದ ತಿಳಿಯುತ್ತದೆ. ಅಂಬೇಡ್ಕರರೇ ಸಾತಾರೆಯ ಶಾಲೆಯಲ್ಲಿ ಓದಿದಾಗ ಮನೆಯಿಂದ ಗೋಣಿತಟ್ಟು ಒಯ್ದು ಮೂಲೆಯಲ್ಲಿ ಬೇರೆ ಕೂರಬೇಕಾಗಿತ್ತು. ಕಸ ಗುಡಿಸುವ ಆಳು ಆ ತಟ್ಟನ್ನು ಮುಟ್ಟುತ್ತಿರಲಿಲ್ಲ. ಜವಾನ ಬಂದು ನೀರು ಹೊಯ್ಯದ ಹೊರತು ಬಾಯಾರಿಕೆ ತಣಿಯುತ್ತಿರಲಿಲ್ಲ. ಅದು ಸರ್ಕಾರಿ ಶಾಲೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇತರರ ಹೆಸರಿನೊಡನೆಯೇ ಇತ್ತು.

3

1882ರ ಅಕ್ಟೋಬರಿನಲ್ಲಿ ಹಂಟರ್ ಅಧ್ಯಕ್ಷತೆಯ ಶಿಕ್ಷಣ ಆಯೋಗಕ್ಕೆ ಫುಲೆಯವರು ಸಲ್ಲಿಸಿದ ಮನವಿ ಈ ವಿಷಯದಲ್ಲಿ ಪ್ರಮುಖ ದಾಖಲೆ. 1876ರಿಂದ ಕೆಲವು ವರ್ಷ ಪುಣೆ ಮುನಿಸಿಪಾಲಿಟಿಯ ಸದಸ್ಯರಾಗಿದ್ದ ಅವರಿಗೆ ಊರಿನ ಲೆಕ್ಕಪತ್ರಗಳ ಅರಿವಿತ್ತು. ಸರ್ಕಾರದ ಆದಾಯದ ಬಹುಭಾಗ ರೈತನ ದುಡಿಮೆಯಿಂದ ಬರುತ್ತದೆ, ಉಚ್ಚ ಶಿಕ್ಷಣದ ಮೇಲೆ ಮೇಲ್ವರ್ಗದವರಿಗಾಗಿ ವ್ಯಯವಾಗುತ್ತದೆ ಎಂಬುದು ಅವರ ಮೂಲ ಆಕ್ಷೇಪ. ಮಹಾರ-ಮಾಂಗರ ಮಕ್ಕಳು ಮೇಲ್ಜಾತಿಯವರ ಪಕ್ಕದಲ್ಲಿ ಕೂರುವಂತಿಲ್ಲವಾದ್ದರಿಂದ ಎಲ್ಲ ಶಾಲೆಗಳಿಂದಲೂ ಹೊರಗುಳಿದಿದ್ದಾರೆ. ಅವರಿಗಾಗಿ ತೆರೆದ ಪ್ರತ್ಯೇಕ ಶಾಲೆಗಳು ದೊಡ್ಡ ಪಟ್ಟಣಗಳಲ್ಲಿ ಮಾತ್ರ ಇವೆ. ಪುಣೆಯಲ್ಲಿ ಈ ಜನರ ಸಂಖ್ಯೆ 5,000ಕ್ಕೂ ಮಿಕ್ಕಿದ್ದರೂ ಇರುವುದು ಒಂದೇ ಶಾಲೆ, ಅದರಲ್ಲಿ ಹಾಜರಾಗುವ ಹುಡುಗರು 30ಕ್ಕೂ ಕಡಿಮೆ ಎಂದು ಅವರು ಲೆಕ್ಕ ಒಪ್ಪಿಸುತ್ತಾರೆ. ಮೂರು ದಶಕಗಳ ಹಿಂದೆ ತಾವೇ ಮೂರು ಶಾಲೆಗಳನ್ನು ತೆರೆದಿದ್ದ ಊರಿನ ಬಗೆಗೆ ಬರೆದ ಮಾತಿದು.

ಮನವಿಯ ಉಳಿದ ಭಾಗ ಪ್ರಾಯೋಗಿಕವಾದದ್ದು. ಕನಿಷ್ಠ 12 ವರ್ಷ ವಯಸ್ಸಿನವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕು. ಶಿಕ್ಷಕರು ಸಾಧ್ಯವಾದಷ್ಟು ಒಕ್ಕಲುತನದ ವರ್ಗಗಳಿಂದಲೇ ಬರಬೇಕು. ಅವರು ನೇಗಿಲ ಹಿಡಿ ಹಿಡಿಯಲೂ ಬಡಗಿಯ ಬಾಚಿ ಹಿಡಿಯಲೂ ನಾಚದವರಾಗಿರಬೇಕು, ಕೆಳಗಿನವರೊಡನೆ ಸಲೀಸಾಗಿ ಬೆರೆಯಬಲ್ಲವರಾಗಿರಬೇಕು. ಸಂಬಳ ತಿಂಗಳಿಗೆ 12 ರೂಪಾಯಿಗಿಂತ ಕಡಿಮೆಯಿರಬಾರದು. ಮೋಡಿ ಮತ್ತು ಬಾಳಬೋಧ ಓದುಬರಹ, ಲೆಕ್ಕ, ಬೇಸಾಯದ ಪ್ರಾಥಮಿಕ ಜ್ಞಾನ, ನೈರ್ಮಲ್ಯಗಳು ಪಠ್ಯದಲ್ಲಿ ಸೇರಬೇಕು. ಮುನಿಸಿಪಾಲಿಟಿಗಳು ನಗರದ ಪ್ರಾಥಮಿಕ ಶಾಲೆಗಳ ವೆಚ್ಚ ಭರಿಸಲಿ, ಆದರೆ ಆಡಳಿತವನ್ನು ಪೂರ್ತಿಯಾಗಿ ಅವುಗಳ ಕೈಗೆ ಒಪ್ಪಿಸಕೂಡದು ಎಂಬ ಸೂಚನೆ ಅನುಭವಿಯೊಬ್ಬನದು: ಸ್ಥಳೀಯ ಆಡಳಿತ ಎಂದರೆ ಸ್ಥಳೀಯ ಪ್ರಬಲರ ಆಡಳಿತವಾಗಬಹುದೆಂಬ ಎಚ್ಚರ ಇಲ್ಲಿದೆ. ಪ್ರವೇಶದ ಹಕ್ಕನ್ನು ಮಾತ್ರ ಕೇಳಿ ಫುಲೆಯವರು ನಿಲ್ಲಲಿಲ್ಲ. ಶಿಕ್ಷಕ ಯಾರು, ಪುಸ್ತಕದಲ್ಲಿ ಏನಿದೆ, ಹಣ ಯಾರ ಕೈಯಲ್ಲಿದೆ ಎಂದೂ ಕೇಳಿದರು. ಆಯೋಗವು ಸರ್ಕಾರಿ ಶಾಲೆಗಳಲ್ಲಿ ಜಾತಿಯ ಕಾರಣದಿಂದ ಯಾರಿಗೂ ಪ್ರವೇಶ ನಿರಾಕರಿಸಬಾರದೆಂಬ ತತ್ತ್ವವನ್ನು ಮತ್ತೆ ಎತ್ತಿಹಿಡಿಯಿತು, ಆದರೆ ಎಚ್ಚರಿಕೆಯಿಂದ ಜಾರಿಗೊಳಿಸಬೇಕೆಂದು ಸೇರಿಸಿತು. ಆ 'ಎಚ್ಚರಿಕೆ'ಯ ನೆರಳಿನಲ್ಲಿಯೇ ಸಾತಾರೆಯ ಗೋಣಿತಟ್ಟು ಉಳಿದುಕೊಂಡದ್ದು.

4

ಇಪ್ಪತ್ತನೆಯ ಶತಮಾನದ ಪುಣೆಯಲ್ಲಿ ಈ ಕಾರ್ಯವನ್ನು ಮುಂದುವರಿಸಿದವರಲ್ಲಿ ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದವರು ವಿಠ್ಠಲ ರಾಮಜಿ ಶಿಂದೆ (1873-1944). ಅವರು ಹುಟ್ಟಿ ಬೆಳೆದದ್ದು ಜಮಖಂಡಿಯಲ್ಲಿ. ಮನೆಮಾತು ಮರಾಠಿಯಾದರೂ ಊರಮಾತು ಕನ್ನಡ. ಎರಡು ಭಾಷೆಗಳ ಪರಸ್ಪರ ಸಂಬಂಧವನ್ನು ಕುರಿತು ಅವರು ವಿದ್ವತ್ಪೂರ್ಣವಾಗಿ ಬರೆದಿದ್ದಾರೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಅನಂತರ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಓದಿ ಬಂದ ಅವರು 1906ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಪುಣೆಯ ಅಹಲ್ಯಾಶ್ರಮ ಅದರ ಫಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಿಂದಲೇ ಇಂಥ ಶಾಲೆ ನಡೆಸುತ್ತಿದ್ದುದನ್ನು ಇಲ್ಲಿ ಹೋಲಿಸಬಹುದು.

ಶಿಂದೆಯವರ ಇನ್ನೊಂದು ಹೋರಾಟ ಹೆಣ್ಣುಮಕ್ಕಳ ಕಡ್ಡಾಯ ಶಿಕ್ಷಣದ್ದು. ಪುಣೆಯವರೇ ಆದ ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಪ್ರಾಥಮಿಕ ಶಿಕ್ಷಣ ಮಸೂದೆ ಮರುವರ್ಷ 38ಕ್ಕೆ 13 ಮತಗಳಿಂದ ಬಿದ್ದುಹೋಗಿತ್ತು. 1918ರ ಮುಂಬಯಿ ಕಾಯಿದೆ ಮುನಿಸಿಪಾಲಿಟಿಗಳಿಗೆ ಕಡ್ಡಾಯ ಶಿಕ್ಷಣ ಜಾರಿಗೊಳಿಸುವ ಅಧಿಕಾರ ಕೊಟ್ಟಾಗ ಪುಣೆಯಲ್ಲಿ ಎದ್ದ ಪ್ರಶ್ನೆ: ಹಣ ಸಾಲದು, ಮೊದಲು ಗಂಡುಮಕ್ಕಳಿಗೆ ಮಾತ್ರ ಆಗಲಿ, ಹೆಣ್ಣುಮಕ್ಕಳಿಗೆ ಮುಂದೆ ನೋಡೋಣ. ಲೋಕಮಾನ್ಯ ತಿಲಕರ ಪಕ್ಷದ ಒಲವು ಈ ಕಡೆಗಿತ್ತು. ರಮಾಬಾಯಿ ರಾನಡೆಯವರ ನೇತೃತ್ವದಲ್ಲಿ 1920ರಲ್ಲಿ ಸ್ತ್ರೀಯರು ಮೆರವಣಿಗೆ ಹೊರಟರು. ಶಿಂದೆಯವರು ಅವರ ಬೆಂಬಲಕ್ಕೆ ನಿಂತರು. ಸ್ವರಾಜ್ಯ ಕೇಳುವ ಊರಿನಲ್ಲಿ, ಸಾವಿತ್ರಿಬಾಯಿಯವರ ಶಾಲೆ ತೆರೆದು ಎಪ್ಪತ್ತೆರಡು ವರ್ಷಗಳಾದ ಮೇಲೆ ನಡೆದ ವಿವಾದವಿದು. ಹಣವಿಲ್ಲದಾಗ ಯಾರ ಸರದಿ ಮುಂದಕ್ಕೆ ಹೋಗುತ್ತದೆ ಎಂಬುದು ಪಂಕ್ತಿಯ ಕ್ರಮವನ್ನು ತಿಳಿಯುವ ಸುಲಭ ಮಾರ್ಗ.

ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1917ರಲ್ಲಿ ಉಚಿತ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಆಜ್ಞೆ ಹೊರಡಿಸಿದ್ದರು. ಅವರು ಲಿಂಗಾಯತ, ಜೈನ, ಮುಸ್ಲಿಮ್, ಅಸ್ಪೃಶ್ಯ ವಿದ್ಯಾರ್ಥಿಗಳಿಗೆ ಬೇರೆ ಬೇರೆ ವಸತಿಗೃಹಗಳನ್ನು ತೆರೆಸಿದರು, ಆದರೆ 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ ಆ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ಸೇರಿಸಿದರು. ಮೇಲ್ನೋಟಕ್ಕೆ ಇದು ವಿರೋಧಾಭಾಸ. ವಸತಿಯಲ್ಲಿ ವೈವಿಧ್ಯಕ್ಕೆ ಅವಕಾಶ, ಪಾಠದಲ್ಲಿ ಒಂದೇ ಪಂಕ್ತಿ ಎಂಬ ವಿವೇಚನೆ ಅದರ ಹಿಂದಿರುವಂತೆ ತೋರುತ್ತದೆ. ಫುಲೆಯವರ ಪ್ರತ್ಯೇಕ ಶಾಲೆಗಳು 1852ರಲ್ಲಿ ಮುನ್ನಡೆಯಾಗಿದ್ದವು. 1919ರ ಹೊತ್ತಿಗೆ ಪ್ರತ್ಯೇಕತೆಯೇ ಅಡ್ಡಿಯಾಗಿತ್ತು.

5

ಸ್ವಾತಂತ್ರ್ಯಾನಂತರದ ಕಾನೂನುಗಳು ಸುಪರಿಚಿತವಾದುದರಿಂದ ವಿಸ್ತರಿಸಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅನುದಾನರಹಿತ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇಕಡಾ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಿಸಿತು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರವು ಒಂದು ಕಿಲೋಮೀಟರಿನೊಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಹೊಣೆಯಿಲ್ಲವೆಂದು ನಿಯಮ ತಿದ್ದಿತು. ಜುಲೈ 19ರಂದು ಮುಂಬಯಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ರದ್ದುಗೊಳಿಸಿತು. ಸರ್ವೋಚ್ಚ ನ್ಯಾಯಾಲಯ ಆಗಸ್ಟಿನಲ್ಲಿ ಆ ತೀರ್ಪಿನಲ್ಲಿ ಕೈಹಾಕಲು ನಿರಾಕರಿಸಿತು. ನಿಮಗೆ ಬೇರೆ ಶಾಲೆ ಇದೆಯಲ್ಲ ಎಂಬ 2024ರ ವಾದಕ್ಕೂ ಹಣ ಕೊಟ್ಟವರು ಒಪ್ಪಬೇಕಲ್ಲ ಎಂಬ 1858ರ ವಾದಕ್ಕೂ ಇರುವ ನಂಟು ಕಾಣದಿರುವುದು ಕಷ್ಟ.

ಪುಣೆಯ ಕನ್ನಡ ಮಕ್ಕಳ ಪ್ರಶ್ನೆ ಬರುವುದು ಇಲ್ಲಿ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳಲ್ಲಿ ಅವರು ನೆಲದ ಮಕ್ಕಳು. ಪುಣೆಯಲ್ಲಿ ಬಹುತೇಕ ವಲಸೆ ಬಂದವರು. ಅಧಿಕಾರಿಗಳು, ಪ್ರಾಧ್ಯಾಪಕರು, ಹೋಟೆಲು ಉದ್ಯಮಿಗಳು ಒಂದು ಬಗೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆ ಬಂದವರು ಇನ್ನೊಂದು. ಸಂವಿಧಾನದ 350ಎ ವಿಧಿ ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಒದಗಿಸಲು ಹೇಳುತ್ತದೆ. ಪುಣೆ ಮಹಾನಗರಪಾಲಿಕೆ ಮರಾಠಿಯೊಡನೆ ಉರ್ದು, ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನೂ ಬೆರಳೆಣಿಕೆಯ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿರುವುದು ಶ್ಲಾಘನೀಯ. ಬೆಳಗಾವಿ, ಖಾನಾಪುರಗಳ ಮರಾಠಿ ಶಾಲೆಗಳ ಬಗೆಗೆ ಇದೇ ಉದಾರತೆಯನ್ನು ಕನ್ನಡಿಗರಿಂದಲೂ ಅಪೇಕ್ಷಿಸುವುದು ನ್ಯಾಯ. ಆದರೆ ಕಟ್ಟಡ ಮುಗಿದೊಡನೆ ಬಾಣೇರಿನಿಂದ ಹಡಪಸರಕ್ಕೆ, ಹಡಪಸರದಿಂದ ವಾಘೋಲಿಗೆ ಗುಡಿಸಲು ಕೀಳುವ ಸಂಸಾರಕ್ಕೆ ಊರ ನಡುವಿನ ಒಂದೆರಡು ಶಾಲೆಗಳಿಂದ ಏನು ಪ್ರಯೋಜನ? ಕೆಲಸದ ಸ್ಥಳಕ್ಕೇ ಹೋಗಿ ಪಾಠ ಹೇಳುವ ಡೋರ್ ಸ್ಟೆಪ್ ಸ್ಕೂಲ್‌ನಂಥ ಸಂಸ್ಥೆ 1980ರ ದಶಕದ ಕೊನೆಯಿಂದ ಮಾಡುತ್ತಿರುವ ಕೆಲಸ ಈ ಕಾರಣದಿಂದ ಮಹತ್ವದ್ದು. ಶಾಲೆಗೆ ಮಕ್ಕಳು ಬರಬೇಕೆಂಬ ರೂಢಿಯನ್ನು ಅದು ತಿರುವಿ ಹಾಕಿತು.

ಈ ವಲಸೆಗಾರರಲ್ಲಿ ತಾಂಡಾಗಳಿಂದ ಬಂದ ಲಂಬಾಣಿ ಕುಟುಂಬಗಳ ಸ್ಥಿತಿಯನ್ನು ಪ್ರತ್ಯೇಕವಾಗಿ ನೋಡಬೇಕು. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಗೆ ಸೇರಿದ್ದಾರೆ; ಮಹಾರಾಷ್ಟ್ರದಲ್ಲಿ ಬಂಜಾರರು ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ವಲಸೆ ಹೋದವರಿಗೆ ಹುಟ್ಟಿದ ರಾಜ್ಯದ ಜಾತಿ ಪಟ್ಟಿಯ ಸೌಲಭ್ಯ ಬಂದ ರಾಜ್ಯದಲ್ಲಿ ದೊರೆಯದೆಂದು 1990ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆದ್ದರಿಂದ ವಿಜಯಪುರದ ತಹಶೀಲ್ದಾರರು ಕೊಟ್ಟ ಪ್ರಮಾಣಪತ್ರ ಪುಣೆಯ ಶೇಕಡಾ 25ರ ಅರ್ಜಿಗೆ ಆಧಾರವಾಗದು. ವಾಸದ ಪುರಾವೆಗೆ ನೋಂದಾಯಿತ ಬಾಡಿಗೆ ಕರಾರು ಬೇಕೆಂದರೆ ತಗಡಿನ ಗುಡಿಸಲಿಗೆ ಅದನ್ನು ಬರೆದುಕೊಡುವವರಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದೆಂದು ಕಾಯಿದೆಯ 14ನೆಯ ಪ್ರಕರಣ ಹೇಳುವುದರಿಂದ ಪಾಲಿಕೆಯ ಶಾಲೆಯಲ್ಲಿ ಮಗುವಿಗೆ ಜಾಗವೇನೋ ಸಿಗುತ್ತದೆ. ಬಾಗಿಲು ತೆರೆದಿದೆ. ಒಳಗೆ ಹೋದ ಮಗುವಿನ ಮನೆಮಾತು ಲಂಬಾಣಿ, ಊರಿನ ಅಂಗನವಾಡಿಯಲ್ಲಿ ಕಿವಿಗೆ ಬಿದ್ದದ್ದು ಕನ್ನಡ, ಎದುರಿನ ಪುಸ್ತಕ ಮರಾಠಿ. ಕನ್ನಡ ಮಾಧ್ಯಮದ ಶಾಲೆಗೇ ಹೋದರೂ ಮೊದಲ ಪಾಠ ಪರಭಾಷೆಯದೇ. ಕನ್ನಡವು ಮರಾಠಿಯ ಮುಂದೆ ಅಲ್ಪಸಂಖ್ಯಾತ ಭಾಷೆಯೆಂದು ಹಕ್ಕು ಕೇಳುವಾಗ, ಲಂಬಾಣಿಯ ಮುಂದೆ ತಾನು ಪ್ರಬಲ ಭಾಷೆಯೆಂಬುದು ಕನ್ನಡ ಸಂಘಟನೆಗಳ ಮನವಿಗಳಲ್ಲಿ ಕಾಣಿಸುವುದು ಅಪರೂಪ.

ಭಿಡೆ ವಾಡೆಯ ಶಿಥಿಲ ಕಟ್ಟಡವನ್ನು 2023ರ ಡಿಸೆಂಬರಿನಲ್ಲಿ ಸ್ಮಾರಕ ನಿರ್ಮಾಣಕ್ಕಾಗಿ ಕೆಡವಲಾಯಿತು. 2014ರಿಂದ ಪುಣೆ ವಿಶ್ವವಿದ್ಯಾಲಯ ಸಾವಿತ್ರಿಬಾಯಿಯವರ ಹೆಸರು ಹೊತ್ತಿದೆ. ಕನ್ನಡ ವಿಭಾಗಗಳು ಮಾಡಬಹುದಾದದ್ದು ಇದಕ್ಕಿಂತ ಸಣ್ಣ ಕೆಲಸ: ಲಂಬಾಣಿಯಿಂದ ಕನ್ನಡಕ್ಕೂ ಮರಾಠಿಗೂ ಮಗುವನ್ನು ದಾಟಿಸುವ ಒಂದು ಮೊದಲ ಪುಸ್ತಕ. ಅದಕ್ಕೆ ಬೇಕಾದ ಪದಗಳೂ ಹಾಡುಗಳೂ ತಾಂಡಾಗಳಲ್ಲಿ ಈಗಲೂ ಬಳಕೆಯಲ್ಲಿವೆ, ಸಂಗ್ರಹಿಸಿದವೂ ಸಾಕಷ್ಟಿವೆ. ಅವನ್ನು ಮಕ್ಕಳ ಪಾಠವಾಗಿ ಜೋಡಿಸಲು ಒಬ್ಬ ಭಾಷಾಶಾಸ್ತ್ರಜ್ಞ, ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ, ತಾಂಡಾದ ಒಬ್ಬ ತಾಯಿ ಸೇರಿ ಒಂದು ಬೇಸಗೆ ರಜೆ ಕುಳಿತರೆ ಸಾಕು.